ಕೆಂಪೂ ಇಲ್ಲ, ಹಸಿರೂ ಇಲ್ಲ

ಶನಿವಾರ ಬೆಳಗಿನ ಆರೂಕಾಲು. ಹೆಬ್ಬಾಳದ ಕೆಂಪಾಪುರದಲ್ಲಿ, ಒಂದು ಬೇಕರಿಯ ಮೇಲಿನ ಎರಡನೇ ಮಹಡಿ. ಹದಿಮೂರು ಕುರ್ಚಿಗಳಲ್ಲಿ ಹನ್ನೆರಡು ಖಾಲಿ. ಆಶಾರಾಣಿ ಸ್ವೆಟರ್ ಬಿಚ್ಚದೆ, ಊಟದ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡೇ ಪರದೆಯ ಮೇಲಿನ ಪಟ್ಟಿ ಓದುತ್ತಿದ್ದಾರೆ. ನಿನ್ನೆ ಇಡೀ ದಿನ ಕಚೇರಿಯವರು ತಂತ್ರಾಂಶದಲ್ಲಿ ಮಾಡಿದ ಬದಲಾವಣೆಗಳು ಅಲ್ಲಿವೆ, ಒಟ್ಟು ಇಪ್ಪತ್ತೇಳು. ಪ್ರತಿಯೊಂದರ ಪಕ್ಕದಲ್ಲೂ ಒಂದು ಗುಂಡು ಗುರುತು: ಹಸಿರಾದರೆ ಸರಿ, ಕೆಂಪಾದರೆ ತಪ್ಪು. ಹತ್ತೊಂಬತ್ತನೆಯ ಸಾಲಿಗೆ ಬಂದು ಅವರ ಬೆರಳು ನಿಲ್ಲುತ್ತದೆ. ಅಲ್ಲಿ ಯಾವ ಗುರುತೂ ಇಲ್ಲ.

“ಅಯ್ಯೋ, ಇದು ಎದ್ದೇ ಇಲ್ಲ ಕಣ್ರೀ,” ಎನ್ನುತ್ತಾರೆ, ಅವರ ಕೆಲಸ ನೋಡಲೆಂದು ಬಂದು ಪಕ್ಕದಲ್ಲಿ ನಿಂತಿರುವ ನನ್ನತ್ತ ತಿರುಗಿ.

ಏಳದಿರುವುದು ಬಿಲ್ಡ್. ಬರೆದ ಕೋಡನ್ನೆಲ್ಲ ಜೋಡಿಸಿ ಓಡುವ ತಂತ್ರಾಂಶ ಮಾಡುವುದಕ್ಕೆ ಇಲ್ಲಿನವರು ಹಾಗೆನ್ನುತ್ತಾರೆ. ಅದನ್ನು ಯಂತ್ರವೇ ಮಾಡುತ್ತದೆ. ಆದರೆ ಯಾವಾಗ ಮಾಡಬೇಕೆಂದು ಯಾರಾದರೂ ಅದಕ್ಕೆ ಬರೆದು ಕೊಟ್ಟಿರಬೇಕು. ಈ ಫೋಲ್ಡರಿನಲ್ಲಿ ಏನಾದರೂ ಬದಲಾದರೆ ಏಳು, ಆ ಫೋಲ್ಡರಿನಲ್ಲಾದರೆ ಮಲಗಿರು. ಇಂಥ ಅರವತ್ಮೂರು ನಿಯಮಗಳನ್ನು ಬರೆದು ಕಾಯುತ್ತಿರುವುದು ಮೂವತ್ತೈದರ ಆಶಾರಾಣಿ. ಹತ್ತು ಗಂಟೆಗೆ ಉಳಿದವರು ಬಂದು ಕೂತ ಮೇಲೆ ನಿಯಮ ಮುಟ್ಟಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಅದಕ್ಕೇ ರಾಜಾನುಕುಂಟೆಯಿಂದ ಐದೂಕಾಲಿನ ಬಸ್ಸು.

ಇವತ್ತಿನ ಖಾಲಿ ಜಾಗ ಸಣ್ಣದಲ್ಲ. ಈ ಕಂಪನಿ ಔಷಧಿ ಅಂಗಡಿಗಳಿಗೆ ತಂತ್ರಾಂಶ ಮಾಡುತ್ತದೆ. ಮಾತ್ರೆಯ ಕವರಿಗೆ ಅಂಟಿಸುವ ಕನ್ನಡ ಚೀಟಿ ಸೋಮವಾರ ಮೊದಲ ಬಾರಿಗೆ ಮೂವತ್ತೆಂಟು ಅಂಗಡಿಗಳಿಗೆ ಹೋಗಲಿದೆ. ಒಂದು ದಿನ ತಿಂದು ಮಾರನೇ ದಿನ ಬಿಡಬೇಕಾದ ಮಾತ್ರೆಗಳಿರುತ್ತವಲ್ಲ, ಅವಕ್ಕೆ ಯಾರೋ ‘ದಿನಾಂತರ’ ಎಂದು ಬರೆದಿದ್ದರು. ಚೀಟಿಯ ಅಗಲಕ್ಕೆ ಅದು ಚೆನ್ನಾಗಿ ಕೂರುತ್ತಿತ್ತು. ಆಶಾರಾಣಿ ಒಂದು ಚೀಟಿಯನ್ನು ಮನೆಗೊಯ್ದು ತಾಯಿ ಮುನಿನಾರಾಯಣಮ್ಮನವರ ಕೈಗೆ ಕೊಟ್ಟರು.

“ನಮ್ಮಮ್ಮ ಕನ್ನಡಕ ಹಾಕ್ಕೊಂಡು ಓದಿದ್ರು. ‘ದಿನಾ... ಅಂತಾರಾ? ಯಾರಮ್ಮಿ ಅಂತಾರೆ? ದಿನಾ ನುಂಗು ಅಂತಾರಾ? ಇಂಗೆ ಬರದ್ರೆ ದಿನಾನೇ ನುಂಗೋದು’ ಅಂದ್ರು. ನಗು ಬಂತು. ಮಾರನೇ ದಿನ ಆಫೀಸಿಗೆ ಬಂದು ಎಲ್ರಿಗೂ ಹೇಳ್ದೆ.”

ದಿನ ಬಿಟ್ಟು ತಿನ್ನಬೇಕಾದ್ದನ್ನು ದಿನವೂ ತಿಂದರೆ ಕೆಲವು ಮಾತ್ರೆಗಳು ಜೀವಕ್ಕೇ ಎರವಾಗುತ್ತವೆ. ಚೀಟಿಗಳ ಕನ್ನಡ ನೋಡಿಕೊಳ್ಳುವ ಮಹತಿ ನಿನ್ನೆ ಮಧ್ಯಾಹ್ನ ಪದ ಬದಲಿಸಿದ್ದಾರೆ; ಪಟ್ಟಿಯ ಹತ್ತೊಂಬತ್ತನೆಯ ಸಾಲು ಅದೇ. ಎಲ್ಲರೂ ಸರಿಹೋಯಿತು ಎಂದುಕೊಂಡು ಮನೆಗೆ ಹೋಗಿದ್ದಾರೆ. ಆದರೆ ಬಿಲ್ಡ್ ಏಳದಿದ್ದರೆ ಸೋಮವಾರ ಹೊರಡುವುದು ಗುರುವಾರ ಕಟ್ಟಿದ ಹಳೆಯ ಚೀಟಿಯೇ. “ಕೆಂಪು ಬಂದ್ರೆ ಎಲ್ರೂ ಓಡ್ಬರ್ತಾರೆ,” ಎನ್ನುತ್ತಾರೆ ಆಶಾರಾಣಿ. “ಏನೂ ಬರ್ದೇ ಇದ್ರೆ ಯಾರು ಬರ್ತಾರೆ?”

ವಿದ್ಯಾರಣ್ಯಪುರದಲ್ಲಿ ಮಹತಿಯ ಫೋನು ತುಂಬ ಹೊತ್ತು ಬಡಿದುಕೊಳ್ಳುತ್ತದೆ.

“ಅಕ್ಕಾ, ಶನಿವಾರ ಆರೂವರೆಗೆ ಫೋನ್ ಮಾಡ್ತೀರಲ್ಲ, ಯಾರೋ ಹೋಗ್ಬಿಟ್ರು ಅನ್ಕೊಂಡೆ.”

“ಯಾರೂ ಹೋಗ್ಬಾರ್ದು ಅಂತ್ಲೇ ಮಾಡಿದ್ದು. ನಿನ್ನೆ ಆ ಪದ ಎಲ್ಲಿ ಬದಲಾಯಿಸ್ದೆ?”

“ಚೀಟಿ ಫೋಲ್ಡರಲ್ಲೇ. ಅದ್ರೊಳಗೆ ಕನ್ನಡಕ್ಕೆ ಅಂತ ಬೇರೆ ಫೋಲ್ಡರ್ ಮಾಡಿದೀನಲ್ಲ, ಗುರುವಾರ, ಅದ್ರಲ್ಲಿ. ಯಾಕಕ್ಕಾ, ತಪ್ಪಾಯ್ತಾ?”

“ಏ, ನೀನು ನೀಟಾಗಿ ಜೋಡ್ಸಿದೀಯ ಕಣೇ. ನನ್ ರೂಲೇ ಮೋಟು.”

ಫೋನಿಟ್ಟು ಅವರು ನಿಯಮಗಳ ಕಡತ ತೆರೆಯುತ್ತಾರೆ. ಚೀಟಿ ಫೋಲ್ಡರಿನ ಹೆಸರು, ಒಂದು ಓರೆಗೆರೆ, ಒಂದು ಸ್ಟಾರ್. “ಒಂದು ಸ್ಟಾರ್ ಅಂದ್ರೆ, ಪಡಸಾಲೆಲಿ ಏನಾಗ್ತಿದೆ ನೋಡ್ಕೊಂಡು ಬಾ ಅಂತ. ಎರಡು ಸ್ಟಾರ್ ಅಂದ್ರೆ ರೂಮು, ಅಡಿಗೆಮನೆ, ಹಿತ್ಲು ಎಲ್ಲಾ ನೋಡು ಅಂತ. ನಾನು ಪಡಸಾಲೆಗೆ ಮಾತ್ರ ಕಳ್ಸಿದೀನಿ. ಇವ್ಳು ಒಳಗಿನ ರೂಮಲ್ಲಿ ಕೂತವ್ಳೆ.” ಗುರುವಾರ ಮಹತಿ ಕನ್ನಡದ ಕಡತವನ್ನು ಒಳಗೆ ಸಾಗಿಸಿದಾಗ ಪಡಸಾಲೆಯಲ್ಲಿ ಅದರ ಜಾಗ ಖಾಲಿಯಾಯಿತು. ಅದು ನಿಯಮದ ಕಣ್ಣಿಗೆ ಬಿದ್ದು ಬಿಲ್ಡ್ ಎದ್ದಿತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಶುಕ್ರವಾರದ ಪದ ಬದಲಾದದ್ದು ಪೂರ್ತಿ ಒಳಗೆ.

ಗುಂಡಿ ಒತ್ತಿ ಬಿಲ್ಡನ್ನು ಎಬ್ಬಿಸಬಹುದಲ್ಲ? “ಎಬ್ಬಿಸ್ಬೋದು. ಸೋಮವಾರ ಮತ್ತೆ ಮಲ್ಕೊಳ್ಳುತ್ತೆ.” ಅವರು ಇನ್ನೊಂದು ಸ್ಟಾರ್ ಸೇರಿಸುತ್ತಾರೆ. ನಿಯಮಕ್ಕೆ ಈಗ ಕಾಣುತ್ತದೆಯೇ ಎಂದು ಪರೀಕ್ಷಿಸಲು ಮಹತಿಯ ಕಡತದ ಕೊನೆಗೊಂದು ಖಾಲಿ ಸಾಲು ಹಾಕುತ್ತಾರೆ. ಕೈಗಳನ್ನು ಮೇಜಿನಿಂದ ತೆಗೆದು ಕಾಯುತ್ತಾರೆ. ನಾಲ್ಕು ಸೆಕೆಂಡು. ಹೊಸ ಸಾಲಿನ ಪಕ್ಕ ಹಳದಿ ಗುರುತೊಂದು ತಿರುಗತೊಡಗುತ್ತದೆ.

“ಎದ್ತು! ಇನ್ನು ಒಂಬತ್ತು ನಿಮಿಷ.”

ಈ ಒಂಬತ್ತು ನಿಮಿಷ ಹಿಂದೆ ನಲವತ್ತೆಂಟಿತ್ತು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ ೨೦೦೯ರಲ್ಲಿ ಇಲ್ಲಿ ಸೇರಿದಾಗ ಆಶಾರಾಣಿಯ ಕೆಲಸ ಪರೀಕ್ಷೆ ಮಾಡುವುದು. ಬಿಲ್ಡನ್ನು ಕೈಯಲ್ಲೇ ಹೊರಡಿಸಬೇಕಿತ್ತು, ಅದೂ ಅವರ ತಲೆಗೇ ಬಂತು. ಎಲ್ಲೋ ಒಂದು ಅಕ್ಷರ ತಿದ್ದಿದರೂ ಎಲ್ಲವೂ ಮೊದಲಿಂದ. ದಿನಕ್ಕೆ ಮೂವತ್ತು ಬದಲಾವಣೆ, ಸರತಿ, ಸಿಡುಕು. “‘ಮೇಡಂ, ಮದ್ವೆ ಮಾಡ್ಕೊಂಡು ಬಂದ್ರೂ ನಿಮ್ ಬಿಲ್ಡ್ ಮುಗ್ದಿರಲ್ಲ’ ಅನ್ನೋನು ಒಬ್ಬ. ನಿಜಕ್ಕೂ ಮದ್ವೆ ಆಗಿ ಬಂದ. ನೋಡಿದ್ರೆ ಇನ್ನೂ ಓಡ್ತಿತ್ತು.” ಇಂಗ್ಲಿಷ್ ಕೈಪಿಡಿಗಳನ್ನು ಪದಕೋಶ ಇಟ್ಟುಕೊಂಡು ಓದಿ, ಎರಡು ವರ್ಷ ತಪ್ಪು ಮಾಡಿ ಮಾಡಿ, ಅವರು ಎಲ್ಲವನ್ನೂ ಹದಿನಾಲ್ಕು ಫೋಲ್ಡರುಗಳಾಗಿ ಬಿಡಿಸಿದರು. ಅಲ್ಲಿಂದಾಚೆಗೆ ಬದಲಾದ ಫೋಲ್ಡರನ್ನಷ್ಟೇ ಮತ್ತೆ ಕಟ್ಟಿದರೆ ಸಾಕಾಯಿತು. ಹೀಗೊಂದು ಕೆಲಸವಿದೆ ಎಂದು ಹಾಜರಿ ಪುಸ್ತಕಕ್ಕೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಅವರು ‘ಸಪೋರ್ಟ್’. ನೆಂಟರು ಕೇಳಿದರೆ ಮುನಿನಾರಾಯಣಮ್ಮ, “ನಮ್ಮುಡುಗಿ ಕಂಪ್ಯೂಟರ್ ಕಾಯ್ತಾಳೆ” ಎನ್ನುತ್ತಾರೆ. ವಾಚ್‌ಮನ್ ಕೆಲಸವೇ ಎಂದುಕೊಂಡವರೂ ಇದ್ದಾರೆ.

“ಸುಳ್ಳೇನಲ್ಲ ಬಿಡಿ,” ಎಂದು ಆಶಾರಾಣಿ ನಗುವಷ್ಟರಲ್ಲಿ ಹಳದಿ ಹಸಿರಾಗುತ್ತದೆ. ಅವರು ನಂಬುವುದಿಲ್ಲ. ಕಿಟಕಿ ಪಕ್ಕದ ಪುಟ್ಟ ಪ್ರಿಂಟರಿಗೆ ಹೊಸ ತಂತ್ರಾಂಶ ಹಾಕಿ, ಒಂದು ಚೀಟಿ ಹರಿದು, ಬೆಳಕಿಗೆ ಹಿಡಿಯುತ್ತಾರೆ. ಅಕ್ಷರ ಸಣ್ಣದಾಗಿದೆ, ಆದರೆ ಎಲ್ಲವೂ ಇದೆ: ದಿನ ಬಿಟ್ಟು ದಿನ. “ಅಬ್ಬಾ!” ಎಂದು ಕುರ್ಚಿಗೆ ಒರಗಿ, ಬ್ಯಾಗಿನಿಂದ ಡಬ್ಬಿ ತೆಗೆದು ಚಿತ್ರಾನ್ನಕ್ಕೆ ಕೈ ಹಾಕುತ್ತಾರೆ. ನನ್ನತ್ತಲೂ ಮುಚ್ಚಳದಲ್ಲಿ ಒಂದಿಷ್ಟು ಬರುತ್ತದೆ.

ಏಳೂವರೆಗೆ ಕಂಪನಿಯ ಯಜಮಾನ ಜಯಸಿಂಹ ಅವರ ಫೋನು. ಮಹತಿ ಹೇಳಿರಬೇಕು. ಆಶಾರಾಣಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕುತ್ತಾರೆ.

“ಆಶಾ ಅವ್ರೇ, ಯಾರ ತಪ್ಪು?”

“ನಂದೇ ಸಾರ್. ಒಂದು ಸ್ಟಾರ್ ಕಮ್ಮಿ ಹಾಕಿದ್ದೆ. ಈಗ ಸರಿ ಇದೆ, ಚೀಟಿ ಕೈಯಲ್ಲೇ ಇದೆ. ಬಿಲ್ಡ್ ಏಳ್ದೇ ಇರೋ ಬದಲಾವಣೆಗಳ್ನ ಬೇರೆ ತೋರ್ಸೋ ಪಟ್ಟಿ ಒಂದು ಮಾಡ್ಕೊತೀನಿ ಸಾರ್, ಎರಡು ದಿನ ಬಿಡುವು ಕೊಡಿ.”

“ಮೂರು ದಿನ ತಗೊಳ್ರೀ. ಸೋಮವಾರ ಚೀಟಿ ಜೊತೆ ಅಂಗಡಿಯವರಿಗೆ ಹೋಗೋ ಪತ್ರದಲ್ಲಿ, ಇದನ್ನ ಮಾಡಿದವರು ಅಂತ ನಿಮ್ಮ ಹೆಸರು ಹಾಕ್ಲಾ?”

“ಬೇಡ ಸಾರ್,” ಎನ್ನುತ್ತಾರೆ ಆಶಾರಾಣಿ, ಬೆರಳಿಗಂಟಿದ ಅನ್ನದಗುಳು ಬಿಡಿಸುತ್ತ. “ಮಾತ್ರೆ ತಿನ್ನೋರಿಗೆ ನಾನು ಯಾಕೆ? ನಾಳೆ ತಿನ್ಬಾರ್ದು ಅಂತ ಗೊತ್ತಾದ್ರೆ ಸಾಕು.”