ಎತ್ತಿ ಕುಡಿದ ನೀರಿನಲ್ಲಿ ಅಂಗಿಯ ಪಾಲು

ನಮ್ಮ ಮನೆಯ ಲೋಟಗಳಿಗೆ ಮನುಷ್ಯರ ತುಟಿಯ ಪರಿಚಯವೇ ಇಲ್ಲ. ನೀರಾಗಲಿ ಪಾನಕವಾಗಲಿ, ಗೇಣೆತ್ತರದಿಂದ ಬಾಯಿಗೆ ಸುರಿದುಕೊಳ್ಳಬೇಕು. ಲೋಟ ಕಚ್ಚಿದರೆ ಎಂಜಲು. ನಂಜನಗೂಡಿನ ಪುರೋಹಿತ ಮನೆತನದಲ್ಲಿ ಹುಟ್ಟಿ, ಸಂಸ್ಕೃತದ ಮೇಷ್ಟರಾಗಿ ನಿವೃತ್ತನಾದ ನಾನು ಈ ವಿದ್ಯೆಯಲ್ಲಿ ಪಾರಂಗತ. ಆದರೆ ಸ್ವಾಮಿ, ತಾವು ಎಂದಾದರೂ ಓಡುತ್ತಾ ಎತ್ತಿ ಕುಡಿದು ನೋಡಿದ್ದೀರಾ?

ಡಾಕ್ಟರು ನಡೆಯಲು ಹೇಳಿದರೆ ನಾನು ಅತ್ಯುತ್ಸಾಹದಿಂದ ಓಡತೊಡಗಿದವನು. ದೂರ ಓಡುವವರು ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಬೇಕೆಂಬ ಶಾಸ್ತ್ರವನ್ನೂ ಕಂಠಪಾಠ ಮಾಡಿದ್ದೆ. ಒಂದು ಬೇಸಗೆಯ ಬೆಳಗ್ಗೆ, ತಿ. ನರಸೀಪುರದ ಅಕ್ಕನ ಮನೆಯವರೆಗೂ ಬಸ್ಸು ಹತ್ತದೆ ಹೋಗುತ್ತೇನೆಂದು ಜಂಬ ಕೊಚ್ಚಿದೆ. "ಮಧ್ಯೆ ಬಸ್ ಹತ್ತಿದ್ರೆ ಆ ಶೂ ಇವತ್ತೇ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದ ಹೆಂಡತಿ, ತಾನು ಜಾಣತನದಿಂದ ಬಸ್ಸಿನಲ್ಲೇ ಹೊರಟಳು.

ನಾನು ನಿಯಮದಂತೆ ಬಾಟಲಿ ಎತ್ತುತ್ತಲೇ ಹೋದೆ. ಕುಲುಕುವ ದೇಹದಲ್ಲಿ ಧಾರೆ ಗುರಿ ತಪ್ಪಿ, ಒಂದು ಪಾಲು ಮೂಗಿಗೆ, ಎರಡು ಪಾಲು ಅಂಗಿಗೆ. ಬಾಟಲಿ ಖಾಲಿಯಾದದ್ದನ್ನು ಕಂಡು ಕುಡಿದಾಯಿತೆಂದೇ ನಂಬಿದೆ. ನರಸೀಪುರ ಇನ್ನೊಂದು ಹರದಾರಿ ಇರುವಾಗ ಕಣ್ಣು ಕತ್ತಲಿಟ್ಟು, ಪಂಪ್‌ಸೆಟ್ಟಿನ ಕಟ್ಟೆಯೊಂದರ ಮೇಲೆ ಕುಸಿದೆ. ಎದುರಿಗೇ ಬಸ್ಸೊಂದು ನಿಂತು ಹಾರ್ನ್ ಹೊಡೆಯಿತು. ಹತ್ತಿಬಿಡಲೇ ಎನಿಸಿದ್ದು ನಿಜ.

ಅಷ್ಟರಲ್ಲಿ ಕಬ್ಬಿಗೆ ನೀರು ಕಟ್ಟುತ್ತಿದ್ದ ರೈತನೊಬ್ಬ ಚೊಂಬಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ ತಂದ. ಏದುಸಿರು ಬಿಡುತ್ತಲೇ ಎತ್ತಿ ಸುರಿದುಕೊಂಡರೆ ಅದೂ ಅಂಗಿಯ ಪಾಲಾಯಿತು.

"ಅಂಗೀಗ್ಯಾಕ್ ಕುಡಿಸ್ತೀರಿ ಸಾ? ಕಚ್ಕಂಡು ನಿಧಾನಕ್ ಕುಡೀರಿ. ಯಾರ್ ನೋಡ್ತಾರೆ ಇಲ್ಲಿ?" ಎಂದು ಅವನು ಮುಖವನ್ನೇ ಅತ್ತ ತಿರುಗಿಸಿ ನಿಂತ.

ಕಚ್ಚಿದೆ. ಆ ದಿನ ಮೊದಲ ಬಾರಿಗೆ ಕುಡಿದದ್ದೆಲ್ಲ ಹೊಟ್ಟೆಗೇ ಇಳಿಯಿತು. ಚೊಂಬು ತೊಳೆಯಲು ಏಳಹೋದರೆ, "ಇರ್ಲಿ ಬುಡಿ" ಎಂದು ಇಸಿದುಕೊಂಡು, ಉಳಿದದ್ದನ್ನು ತಾನೂ ಕಚ್ಚಿಕೊಂಡೇ ಕುಡಿದ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಲೋಟಗಳನ್ನು ನಾನು ಯಾರಿಂದ ಕಾಪಾಡುತ್ತಿದ್ದೆ?

ನೆರಳಲ್ಲಿ ಸುಧಾರಿಸಿಕೊಂಡು, ಬಾಟಲಿ ತುಂಬಿಸಿಕೊಂಡು, ಗುಟುಕು ಗುಟುಕಾಗಿ ಕಚ್ಚಿ ಕುಡಿಯುತ್ತಾ, ಅಷ್ಟು ಓಡಿ ಇಷ್ಟು ನಡೆದು, ಅಂತೂ ಶೂ ಉಳಿಸಿಕೊಂಡು ಅಕ್ಕನ ಮನೆ ಮುಟ್ಟಿದೆ. ನನ್ನ ದಾರಿ ಕಾಯುತ್ತಾ ಬಿಸಿಲಲ್ಲೇ ನಿಂತಿದ್ದ ಹೆಂಡತಿ ಬಾಟಲಿ ಅಲುಗಾಡಿಸಿ, "ಅರ್ಧ ಹಾಗೇ ಇದೆಯಲ್ರೀ! ನೀರೇ ಕುಡೀಲಿಲ್ವಾ?" ಎಂದು ರೇಗಿದಳು. ಉತ್ತರವಾಗಿ ಅವಳೆದುರೇ ಒಂದು ಗುಟುಕು ಕಚ್ಚಿ ಕುಡಿದೆ.

"ಶಿವ ಶಿವಾ, ಆ ಬಾಟ್ಲು ಬೇರೆ ಇಡೋ" ಎಂದಳು ಅಕ್ಕ.

ಹೆಂಡತಿ ಅಕ್ಕನನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಬಾಯಿಗಿಟ್ಟಳು. ಸೀರೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.