ಕಾರಿನ ಬಾಗಿಲಿಗೆ ಕಿವಿಗೊಡುವ ಕೀಚಕ್ಕ

ಬೆಳಗಿನ ಐದೂ ಮುಕ್ಕಾಲು. ಬೀದಿಯ ಅಂಗಡಿಗಳೆಲ್ಲ ಇನ್ನೂ ಷಟರ್ ಎಳೆದುಕೊಂಡು ಮಲಗಿವೆ. ಮೂಲೆಯ ತಗಡಿನ ಶೆಡ್ಡಿನ ಮುಂದೆ ಮಾತ್ರ ಬಿಳಿ ಟ್ಯಾಕ್ಸಿಯೊಂದು ನಿಂತಿದೆ. ಅದರ ಹಿಂದಿನ ಬಾಗಿಲಿಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ, ಐವತ್ತು ದಾಟಿದ ಹೆಂಗಸೊಬ್ಬರು ಉಸಿರು ಬಿಗಿಹಿಡಿದಿದ್ದಾರೆ.

"ಇಳಿಸಪ್ಪಾ."

ಒಳಗೆ ಕೂತ ಡ್ರೈವರ್ ಗುಂಡಿ ಒತ್ತುತ್ತಾನೆ. ಕೀ...ಚ್ ಎಂದು ಬೀದಿಯ ನಿದ್ದೆಯನ್ನೇ ಕೆಡಿಸುತ್ತ ಗಾಜು ಇಳಿಯುತ್ತದೆ.

"ಏರಿಸು."

ಮತ್ತದೇ ಅರಚಾಟ. ಅರ್ಧ ದಾರಿಯಲ್ಲಿ ಒಮ್ಮೆ ಮುಗ್ಗರಿಸಿ, ಹೇಗೋ ಮೇಲೆ ಸೇರುತ್ತದೆ.

"ಮೋಟಾರು ಗಟ್ಟಿಮುಟ್ಟಾಗಿದೆ, ಅದರ ತಂಟೆ ಬೇಡ. ಮುಂದಿನ ಸಂದಿಯಲ್ಲಿ ಗಾಜು ರಬ್ಬರನ್ನ ಉಜ್ತಾ ಇದೆ. ನಿಜ ಹೇಳು, ಒಳಗೆ ಏನು ಸುರಿದೆ?"

ಡ್ರೈವರ್ ತಲೆ ಕೆರೆದುಕೊಳ್ಳುತ್ತಾನೆ. "ಸ್ವಲ್ಪ... ಅಡುಗೆ ಎಣ್ಣೆ ಅಕ್ಕಾ."

"ಒಗ್ಗರಣೆ ಹಾಕೋದೊಂದು ಬಾಕಿ ಇಟ್ಟಿದೀಯ ನೋಡು!"

ಡ್ರೈವರನಿಗೆ ನಗು ಬರುವ ಹೊತ್ತಲ್ಲ ಇದು. ಒಂಬತ್ತು ಗಂಟೆಗೆ ಅವನ ಕಾರು ಒಂದು ಕಂಪನಿಯ ತಪಾಸಣೆಗೆ ಹೋಗಬೇಕು. ಪಾಸಾದರೆ ವರ್ಷಪೂರ್ತಿ ಸಿಬ್ಬಂದಿಯನ್ನು ಕರೆದೊಯ್ಯುವ ಕೆಲಸ; ಇಲ್ಲದಿದ್ದರೆ ಮೊದಲಿನ ಹಾಗೆ ಸ್ಟ್ಯಾಂಡಿನಲ್ಲಿ ನಿಂತು ಸವಾರಿಗೆ ದಾರಿ ಕಾಯುವುದು. ತಪಾಸಣೆ ಮಾಡುವವರು ಕಿಟಕಿಯ ಸದ್ದಿಗೇ ಕಾರು ವಾಪಸು ಕಳಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಎರಡು ದೊಡ್ಡ ಗ್ಯಾರೇಜುಗಳಲ್ಲಿ, ಕಿಟಕಿಯ ಇಡೀ ಸೆಟ್ಟನ್ನೇ ಬದಲಾಯಿಸಬೇಕು, ಸಾಮಾನು ಬರಲು ಎರಡು ವಾರ ಎಂದು ಕೈ ಅಲ್ಲಾಡಿಸಿಬಿಟ್ಟಿದ್ದಾರೆ. ಯಾರೋ ಹೇಳಿದರಂತೆ, "ಕೀಚಕ್ಕನ ಹತ್ರ ಹೋಗು."

ಕೀಚ್ ಎನ್ನುವ ಸದ್ದನ್ನು ಅಡಗಿಸುವ ಅಕ್ಕ, ಅದಕ್ಕೇ ಕೀಚಕ್ಕ. ಈ ಹೆಸರಿನ ಬಗ್ಗೆ ಅವರಿಗೆ ಬೇಸರವಿಲ್ಲ. "ಕೊನೇಲಿ ಒಂದು ಅಕ್ಕ ಇದೆಯಲ್ಲ, ಅಷ್ಟು ಸಾಕು. ಅದನ್ನ ಬಿಟ್ಟು ಕರೆದೋರಿಗೆ ಮಾತ್ರ ಸ್ಪ್ಯಾನರ್ ತೋರಿಸ್ತೀನಿ," ಎಂದು ನಗುತ್ತಾರೆ.

ಈ ಶೆಡ್ಡು ಅವರ ಯಜಮಾನರದು. ಜಜ್ಜಿದ ಕಾರುಗಳನ್ನು ಬಡಿದು ನೆಟ್ಟಗೆ ಮಾಡುವ ಕೆಲಸ. ಮೂವತ್ತು ವರ್ಷ ತಗಡಿನ ಮೇಲೆ ಸುತ್ತಿಗೆ ಬಿದ್ದೂ ಬಿದ್ದೂ ಅವರ ಕಿವಿ ಮಂದವಾಯಿತು. ಹದಿಮೂರು ವರ್ಷದ ಹಿಂದೆ ಒಂದು ದಿನ ಕೀಚಕ್ಕ ಊಟದ ಡಬ್ಬಿ ಹಿಡಿದು ಬಂದಾಗ, ಸದ್ದು ಮಾಡುವ ಕಿಟಕಿ ಸರಿಹೋಯಿತೆಂದು ಯಜಮಾನರು ಕೈ ಒರೆಸಿಕೊಳ್ಳುತ್ತಿದ್ದರು. ಕಾರಿನವನು ಮಾತ್ರ ಸಿಡಿಮಿಡಿಗುಟ್ಟುತ್ತಿದ್ದ.

"ಅದು ಇನ್ನೂ ಇಲಿಮರಿ ಥರ ಕೀಚ್ ಕೀಚ್ ಅಂತಿದೆ, ಇವರು ಆಯ್ತು ಅಂತಾರೆ!" ಎಂದು ಕೀಚಕ್ಕ ನೆನೆಯುತ್ತಾರೆ. "ಡಬ್ಬಿ ಅಲ್ಲೇ ಇಟ್ಟು ಬಾಗಿಲಿಗೆ ಕಿವಿ ಕೊಟ್ಟೆ. 'ಇಲ್ಲಿ ಬಿಚ್ಚಿ' ಅಂತ ಬೆರಳಿಟ್ಟು ತೋರಿಸಿದೆ. ಬಿಚ್ಚಿದ್ರೆ ಅಲ್ಲೇ ಇತ್ತು!"

ಅಂದು ತೋರಿಸಿಕೊಟ್ಟವರು ಮರುದಿನದಿಂದ ತಾವೇ ಬಿಚ್ಚತೊಡಗಿದರು. ಸುಲಭವಾಗೇನೂ ಇರಲಿಲ್ಲ. ಹೆಂಗಸಿನ ಕೈಗೆ ಕೀಲಿ ಕೊಡಲು ಹಿಂದೆಮುಂದೆ ನೋಡಿ, ಗಾಡಿ ತಿರುಗಿಸಿಕೊಂಡು ಹೋದವರು ಎಷ್ಟೋ ಮಂದಿ. ಆರು ವರ್ಷದ ಹಿಂದೆ ಗಾಜು ಜಾರಿ ಬಲಗೈ ಸೀಳಿತು. ನಾಲ್ಕು ತಿಂಗಳು ಕೆಲಸವಿಲ್ಲ. ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. "ಒಳ್ಳೇದೇ ಆಯ್ತು ಬಿಡಿ. ಬಾಗಿಲ ಸಂದಿಗೆ ಹಾಕೋಕೆ ನೆಟ್ಟಗಿರೋ ಬೆರಳೇ ಬೇಕು," ಎನ್ನುತ್ತಾರೆ.

ಈಗ ದಿನಕ್ಕೆ ಆರೇಳು ಬಾಗಿಲು. ಟ್ಯಾಕ್ಸಿಯವರು ಸವಾರಿಗೆ ಮುಂಚೆಯೇ ಬರುವುದರಿಂದ ಬೆಳಕು ಹರಿಯುವ ಮೊದಲೇ ಶೆಡ್ಡು ತೆರೆದಿರಬೇಕು. ಬಾಗಿಲ ಹೊಟ್ಟೆಯಲ್ಲಿ ಸಿಕ್ಕ ವಸ್ತುಗಳಿಗೆಂದೇ ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇದೆ: ಹೇರ್‌ಪಿನ್ನುಗಳು, ಚಾಕಲೇಟಿನ ಕಾಗದ, ಒಂದು ಹಾಲುಹಲ್ಲು.

ಏಳು ಗಂಟೆ. ಟ್ಯಾಕ್ಸಿಯ ಬಾಗಿಲಿನ ಒಳಹೊದಿಕೆ ಕಳಚಿ ಗೋಡೆಗೆ ಒರಗಿದೆ. ರಬ್ಬರಿನ ಸಂದಿಯಲ್ಲಿ ಎಣ್ಣೆಯೂ ಧೂಳೂ ಸೇರಿ ಕಪ್ಪು ಅಂಟಾಗಿದೆ. ಕೀಚಕ್ಕ ತೆಳು ಕಡ್ಡಿಗೆ ಬಟ್ಟೆ ಸುತ್ತಿ, ಸಾಬೂನು ನೀರಿನಲ್ಲಿ ಅದ್ದಿ, ಮಗುವಿನ ಕಿವಿ ತೊಳೆಯುವ ಹಾಗೆ ಒರೆಸುತ್ತಾರೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಆದರೂ ಗಾಜು ಮೆಲ್ಲಗೆ ಕೀಚ್ ಎನ್ನುತ್ತದೆ. ಡ್ರೈವರನ ಮುಖ ಇಳಿಯುತ್ತದೆ.

"ಗಾಬರಿ ಬೀಳಬೇಡ, ಇನ್ನೇನೋ ಹೇಳ್ತಾ ಇದೆ ಅದು."

ಟಾರ್ಚು ಬಾಯಲ್ಲಿ ಕಚ್ಚಿ ಒಳಗೆ ಇಣುಕುತ್ತಾರೆ. ಗಾಜಿಗೆ ದಾರಿ ತೋರಿಸುವ ಕಂಬಿಯ ಬೋಲ್ಟು ಸಡಿಲವಾಗಿ, ಗಾಜು ಕೂದಲೆಳೆಯಷ್ಟು ಮುಂದಕ್ಕೆ ವಾಲಿದೆ. ಕಂಬಿ ಸರಿಸಿ, ಬೋಲ್ಟು ಬಿಗಿದು, ಗ್ರೀಸ್ ಸವರುತ್ತಾರೆ. ಗಾಜು ಸದ್ದಿಲ್ಲದೆ ಇಳಿದು ಏರುತ್ತದೆ.

ಕೆಲಸ ಇನ್ನೂ ಮುಗಿದಿಲ್ಲ. ಕೀಚಕ್ಕ ಶೆಡ್ಡಿನ ಒಳಗಿದ್ದ ಯಜಮಾನರ ಭುಜ ತಟ್ಟಿ ಕರೆದು, ಅವರ ಅಂಗೈಯನ್ನು ಬಾಗಿಲಿನ ಮೇಲೆ ಇರಿಸುತ್ತಾರೆ. ಕಿವಿಗೆ ತಪ್ಪಿಸಿಕೊಂಡ ನಡುಕವೂ ಆ ಅಂಗೈಗೆ ಸಿಗುತ್ತದಂತೆ. ಗಾಜು ಎರಡು ಸಲ ಇಳಿದು ಏರುತ್ತದೆ. ಯಜಮಾನರು ಹುಬ್ಬು ಹಾರಿಸಿ, ಇಡೀ ಬೀದಿಗೆ ಕೇಳುವಂತೆ, "ಬೆಣ್ಣೆ!" ಎನ್ನುತ್ತಾರೆ.

"ಮೆಲ್ಲಗೆ ಅನ್ನಿ, ಕಿಟಕಿಗಿಂತ ನಿಮ್ಮದೇ ಗಲಾಟೆ," ಎಂದು ಕೀಚಕ್ಕ ಅವರ ತೋಳಿಗೆ ತಿವಿಯುತ್ತಾರೆ. ಎಂಟೂವರೆಗೆ ಟ್ಯಾಕ್ಸಿ ಹೊರಡುತ್ತದೆ.

ಹನ್ನೊಂದರ ಹೊತ್ತಿಗೆ ಅದೇ ಟ್ಯಾಕ್ಸಿ ಹಾರ್ನ್ ಹೊಡೆದುಕೊಂಡೇ ವಾಪಸು ಬರುತ್ತದೆ. ಡ್ರೈವರ್ ಕುಣಿಯುವುದೊಂದು ಬಾಕಿ. "ಪಾಸಾಯ್ತು ಅಕ್ಕಾ! ಆದ್ರೆ ನಾನು ನಿದ್ದೆಗೆಟ್ಟಿದ್ದೇ ದಂಡ. ಆ ಮನುಷ್ಯ ಒಳಗೆ ಕೂತ, ನಾಲ್ಕೂ ಕಿಟಕಿ ಇಳಿಸಿದ, ಏರಿಸಿದ. ಅಷ್ಟೂ ಹೊತ್ತು ಫೋನಲ್ಲಿ ಹೆಂಡತಿ ಜತೆ ಮಾತು! ಕಿಟಕಿ ಕಡೆ ತಿರುಗಿಯೂ ನೋಡ್ಲಿಲ್ಲ."

ಅಷ್ಟರಲ್ಲಾಗಲೇ ಮುಂದಿನ ಕಾರಿನ ಬಾಗಿಲಿಗೆ ಕೆನ್ನೆ ಒತ್ತಿದ್ದ ಕೀಚಕ್ಕ ಕಣ್ಣು ತೆರೆಯುವುದಿಲ್ಲ. ತುಟಿಯಂಚಿನಲ್ಲಿ ಮಾತ್ರ ನಗು.

"ಮತ್ತೆ? ಅವನು ತಿರುಗಿ ನೋಡಿದ್ದಿದ್ರೆ ನಾನು ಕೆಲಸ ಮಾಡಿಲ್ಲ ಅಂತ ಅರ್ಥ ಕಣಪ್ಪಾ."