ಒಂದೇ ತಟ್ಟೆಯ ಎರಡು ಬೂಸ್ಟು

ಬೂಸ್ಟು ಹಿಡಿದರೆ ಬೇರೆಯವರು ಒರೆಸಿ ಎಸೆಯುತ್ತಾರೆ. ಇವಳು ಅದಕ್ಕೆ ಹೆಸರಿಡುತ್ತಾಳೆ. ಅದಕ್ಕೇ ಬೀದಿಯವರೆಲ್ಲ ಅವಳನ್ನು ಬೂಸ್ಟಮ್ಮ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಬಸ್ ಡಿಪೋ ಹಿಂದೆ, ಹಳೆಯ ಗೋಡೆಗಳ ಬುಡದಲ್ಲಿ ಚಮಚ ಹಿಡಿದು ಕುಕ್ಕರಗಾಲಲ್ಲಿ ಕೂತು ಮಣ್ಣು ಕೆರೆಯುವ ಐವತ್ತರ ಹೆಂಗಸನ್ನು ಕಾವಲುಗಾರರು ಸುಮ್ಮನೆ ಬಿಡುತ್ತಾರೆಯೇ? ಏನು ಕಳೆದುಕೊಂಡಿರಿ ಎಂದು ಕೇಳುವರು. ಕಳೆದುಕೊಂಡಿಲ್ಲ, ಹುಡುಕುತ್ತಿದ್ದೇನೆ ಎಂದು ಹೇಳಿ ಅವಳು ಮಣ್ಣನ್ನು ಲಕೋಟೆಗೆ ಸುರಿದುಕೊಳ್ಳುವಳು. ಮನೆಯ ಫ್ರಿಜ್ಜಿನ ಕೆಳಗಿನ ಅರ್ಧ ಆ ಲಕೋಟೆಗಳದ್ದು. ಜೊತೆಗಿದ್ದ ಅಕ್ಕ, ಬಟ್ಟೆ ಹೊಲಿಯುವವಳು, ತರಕಾರಿಗೂ ಮಣ್ಣಿಗೂ ನಡುವೆ ರಟ್ಟೊಂದನ್ನು ಅಡ್ಡ ಇಟ್ಟು, ಗಡಿ ದಾಟಿದರೆ ಎಲ್ಲವನ್ನೂ ಬೀದಿಗೆ ಸುರಿಯುತ್ತೇನೆ ಎಂದು ಎಚ್ಚರಿಸಿದ್ದಳು.

ಬೂಸ್ಟಮ್ಮ ಕೆಲಸ ಮಾಡುತ್ತಿದ್ದದ್ದು ಮಣ್ಣಿನ ಶಿಲೀಂಧ್ರಗಳನ್ನು ಹುಡುಕಿ ವಿಂಗಡಿಸುವ ಸಂಸ್ಥೆಯೊಂದರಲ್ಲಿ. ಕೆಲಸ ಕೇಳಲು ಸುಲಭ. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಒಂದು ಹನಿಯನ್ನು ಗಾಜಿನ ತಟ್ಟೆಯಲ್ಲಿ ಬೂಸ್ಟು ಉಣ್ಣಲೆಂದು ಹೆಪ್ಪುಗಟ್ಟಿಸಿದ ಮೇವಿನ ಮೇಲೆ ಸವರಿ ಕಾಯಬೇಕು. ಮೊದಲು ಬರುವವು ಪುಂಡ ಬೂಸ್ಟುಗಳು; ಬೆಳಗಾಗುವುದರಲ್ಲಿ ತಟ್ಟೆಯನ್ನೆಲ್ಲ ಆಕ್ರಮಿಸಿ ಕೂರುತ್ತವೆ. ಸಂಕೋಚದವು ಆಮೇಲೆ ಮೂಲೆಯಲ್ಲಿ ಇಣುಕುತ್ತವೆ. ಆದರೆ ಹೊಸದು ಸಿಕ್ಕಿತೆಂದು ಕುಣಿಯುವ ಮೊದಲು ಮೈಕ್ರೋಸ್ಕೋಪಿನಡಿ ಒಂದೇ ಒಂದು ಬೀಜಕವನ್ನು, ಅಂದರೆ ಬೂಸ್ಟಿನ ಬೀಜವನ್ನು, ಸೂಜಿಯ ಮೊನೆಯಿಂದ ಎತ್ತಿ, ಬೇರೆ ತಟ್ಟೆಯಲ್ಲಿ ಒಂಟಿಯಾಗಿ ಬೆಳೆಸಲೇಬೇಕು. ಸುಮ್ಮನೆ ಚಿವುಟಿ ತಂದರೆ ಒಳಗೆ ಯಾರು ಯಾರಿದ್ದಾರೋ ದೇವರೇ ಬಲ್ಲ.

ಇದನ್ನು ಅವಳಿಗೆ ಕಲಿಸಿದವರು ಮೇಷ್ಟ್ರು. ಸೂಜಿ ಕಾಯಿಸುವುದನ್ನೂ, ಉಸಿರು ಬಿಗಿಹಿಡಿದು ಅದನ್ನು ಇಳಿಸುವುದನ್ನೂ ತೋರಿಸಿಕೊಟ್ಟವರು; ತಂದೆಯಿಲ್ಲದ ಹುಡುಗಿಯನ್ನು ಬೈದು ಬುದ್ಧಿ ಹೇಳಿ ಓದಿಸಿದವರು. ಅವರ ಕೀರ್ತಿ ನಿಂತಿದ್ದು ಒಂದು ಬೂಸ್ಟಿನ ಮೇಲೆ. ಕರಿ ಬೀಜಕಗಳ ಗೊಂಚಲು, ಅದನ್ನು ಸುತ್ತಿಕೊಂಡ ಬಿಳಿ ಸುರುಳಿ ಎಳೆಗಳು. ಎರಡೂ ಒಂದೇ ಮೈಯಲ್ಲಿರುವ ಇನ್ನೊಂದು ಪ್ರಭೇದ ಲೋಕದಲ್ಲಿಲ್ಲ ಎಂದು ತರುಣರಾಗಿದ್ದಾಗ ಬರೆದಿದ್ದರು. ಎಲ್ಲ ಪುಸ್ತಕಗಳಲ್ಲೂ ಅದರ ಪಕ್ಕದಲ್ಲಿ ಅವರ ಹೆಸರು. ಸಂಸ್ಥೆಯ ಮುಂಬಾಗಿಲ ಫಲಕದಲ್ಲೂ ಅದರದೇ ಚಿತ್ರ.

ಒಂದು ಬೇಸಿಗೆಯಲ್ಲಿ ಡಿಪೋ ಹಿಂದಿನ ಮಣ್ಣು ಸವರಿದ್ದ ತಟ್ಟೆಯೊಂದರಲ್ಲಿ, ಬೇರೆಯವರಾಗಿದ್ದರೆ ಎಂದೋ ತೊಳೆದಿಡುತ್ತಿದ್ದ ತಟ್ಟೆಯಲ್ಲಿ, ಬಿಳಿ ಸುರುಳಿ ತಲೆಯೆತ್ತಿತು. ಜೊತೆಗೆ ಕರಿ ಇರಲಿಲ್ಲ. ಎಲ್ಲೋ ನೋಡಿದ ಮುಖವಲ್ಲವೇ ಅನ್ನಿಸಿತು. ಎಲ್ಲೋ ಏನು, ದಿನಾ ಬೆಳಗ್ಗೆ ಮುಂಬಾಗಿಲಲ್ಲೇ ನೋಡುತ್ತಿದ್ದಳು. ಸಂಸ್ಥೆಯಲ್ಲಿ ಗಾಜಿನ ಕೊಳವೆಯೊಳಗೆ ಎಣ್ಣೆಯಡಿ ಜೀವಂತ ಕಾಪಿಟ್ಟಿದ್ದ ಮೇಷ್ಟ್ರ ಮೂಲ ತಳಿಯನ್ನು ತೆಗೆದು, ಒಂದೊಂದೇ ಬೀಜಕ ಎತ್ತಿ ಬೇರೆ ಬೇರೆ ತಟ್ಟೆಯಲ್ಲಿಟ್ಟಳು. ಕೆಲವು ತಟ್ಟೆಗಳಲ್ಲಿ ಬರೀ ಕರಿ ಬಂತು. ಒದ್ದೆ ಗೋಡೆಯ ಮೇಲೆಲ್ಲ ಬೆಳೆಯುವ, ಹೆಸರು ಹಳತಾಗಿರುವ ಮಾಮೂಲಿ ಕರಿ. ಉಳಿದವುಗಳಲ್ಲಿ ಬರೀ ಬಿಳಿ ಸುರುಳಿ. ಎರಡನ್ನೂ ಜೊತೆಗೆ ಬೆಳೆಸಿದಾಗ ಬಿಳಿ ಎಳೆಗಳು ಕರಿಯನ್ನು ಸುತ್ತಿಕೊಂಡು ಅದನ್ನೇ ಉಣ್ಣತೊಡಗಿದವು. ಲೋಕಕ್ಕೆಲ್ಲ ಸೂಜಿಯ ಪಾಠ ಹೇಳಿದವರು ತಮ್ಮ ಮೊದಲ ಬೂಸ್ಟನ್ನು ಅವಸರದಲ್ಲಿ ಚಿವುಟಿ ತಂದಿದ್ದರು.

ಬಿಳಿಯದಕ್ಕೆ ಇನ್ನೂ ಹೆಸರಿರಲಿಲ್ಲ. ಅದು ಹೊಸ ಪ್ರಭೇದ, ಅವಳು ಕಂಡುಹಿಡಿದದ್ದು. ಆದರೆ ಅದನ್ನು ಬರೆದರೆ ಮೇಷ್ಟ್ರದ್ದು ಪುಸ್ತಕಗಳಿಂದ ಅಳಿಸಿಹೋಗುತ್ತದೆ.

ಸುದ್ದಿ ತಿಳಿದ ಸಂಸ್ಥೆಯ ನಿರ್ದೇಶಕರು ಅವಳನ್ನು ಕರೆಸಿ, ಉಂಡ ಮನೆಗೆ ಎರಡು ಬಗೆಯಬೇಡಿ ಎಂದರು. ಮೇಷ್ಟ್ರು ಇರುವಷ್ಟು ಕಾಲ ತಡೆಯಿರಿ, ಬೂಸ್ಟೇನು ಎದ್ದು ಓಡಿಹೋಗುತ್ತದೆಯೇ ಎಂದು ನಕ್ಕರು. ಅವಳಿಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಸುಳ್ಳು ಓದಿದ ಮಕ್ಕಳು ಇನ್ನೂ ಓದುತ್ತಿರಲಿ ಎಂದರೆ ಏನರ್ಥ? ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸದೆಯೇ ತೀರ್ಪು ಕೊಟ್ಟಳು: ಬರೆದರೆ ಅವರಿಗೆ ನಿದ್ದೆ ಬರುವುದಿಲ್ಲ, ಬರೆಯದಿದ್ದರೆ ನಿನಗೆ ಬರುವುದಿಲ್ಲ; ಪಕ್ಕದಲ್ಲಿ ಹೊರಳಾಡಿ ನನ್ನ ನಿದ್ದೆ ಕೆಡಿಸುವವಳು ನೀನು, ಆದ್ದರಿಂದ ಬರೆದುಬಿಡು.

ಕದ್ದು ಬರೆಯುವ ಜಾಯಮಾನ ಅವಳದಲ್ಲ. ತಟ್ಟೆಗಳನ್ನೂ ಮೂಲ ತಳಿಯ ಕೊಳವೆಯನ್ನೂ ಚೀಲದಲ್ಲಿಟ್ಟುಕೊಂಡು ನೇರ ಮೇಷ್ಟ್ರ ಮನೆಗೆ ಹೋದಳು. ಅವರು ಕಣ್ಣು ಹಾಯಿಸಿ, ನಿನ್ನ ಕೈ ಕೊಳಕಾಗಿತ್ತು, ಕರಿ ಹೊರಗಿನಿಂದ ಬಿದ್ದದ್ದು ಎಂದು ಸಿಡುಕಿದರು. ಆಮೇಲೆ ದನಿ ತಗ್ಗಿತು.

"ನಾನು ಹೋದ್ಮೇಲೆ ಬರ್ಕೊಳಮ್ಮ. ಇನ್ನೆಷ್ಟು ದಿನ ಇರ್ತೀನಿ?"

"ನೀವು ಹೋದ್ಮೇಲೆ ಬರೆದ್ರೆ ನನ್ನ ಜೊತೆ ಜಗಳ ಆಡೋರು ಯಾರು ಮೇಷ್ಟ್ರೇ? ನೀವಿರುವಾಗ್ಲೇ ಬರೀತೀನಿ. ತಪ್ಪಿದ್ರೆ ಎಲ್ಲರ ಮುಂದೆ ನನ್ನ ಮಾನ ತೆಗೀರಿ."

ಮೂಲ ತಳಿಯ ಕೊಳವೆಯನ್ನೂ ಸೂಜಿಯನ್ನೂ ಮುಂದಿಟ್ಟು, ನೀವೇ ಎತ್ತಿ ನೋಡಿ ಎಂದಳು. ಮೇಷ್ಟ್ರು ತಮ್ಮ ಹಳೆಯ ಮೈಕ್ರೋಸ್ಕೋಪಿನ ಮುಂದೆ ಕೂತರು. ಕೈ ನಡುಗಿತು, ಆಗಲಿಲ್ಲ. ಕೊನೆಗೆ ಒಂದು ಕರಿ, ಒಂದು ಬಿಳಿ ಬೀಜಕವನ್ನು ಆರಿಸಿದ್ದು ಅವರು, ಎತ್ತಿದ್ದು ಅವಳು, ತಟ್ಟೆಗೆ ಒಂದೊಂದೇ ಬಿದ್ದಿದೆಯೇ ಎಂದು ಮತ್ತೆ ಮತ್ತೆ ಇಣುಕಿದ್ದು ಅವರು. ತಟ್ಟೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಹೋಗು ಎಂದರು.

ಇತ್ತ ನಿರ್ದೇಶಕರು ರಿಪೇರಿಯ ನೆಪ ಹೇಳಿ ಅವಳ ಮೈಕ್ರೋಸ್ಕೋಪನ್ನು ತೆಗೆಸಿಬಿಟ್ಟರು. ಅವಳು ವಿದ್ಯಾರ್ಥಿಗಳ ಕೋಣೆಗೆ ಹೋಗಿ ಅಲ್ಲಿಯದರ ಮುಂದೆ ಕೂತಳು. ಇದನ್ನೂ ತೆಗೆಸಿ ನೋಡೋಣ ಎಂಬಂತೆ ಬಾಗಿಲು ತೆರೆದಿಟ್ಟೇ ಕೂತಳು.

ಮೇಷ್ಟ್ರ ಫೋನು ಒಂದು ಮಧ್ಯಾಹ್ನ ಬಂತು. ಒಂದರಲ್ಲಿ ಬರೀ ಕರಿ, ಇನ್ನೊಂದರಲ್ಲಿ ಬರೀ ಬಿಳಿ ಎಂದರು. ನೀನು ಹೇಳಿದ್ದೇ ಸರಿ, ಬರಿ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು.

"ಆ ಬಿಳಿಯದಕ್ಕಾದ್ರೂ ನನ್ನ ಹೆಸರಿಡಮ್ಮ."

ಗುರುಗಳ ಹೆಸರನ್ನು ಹೊಸ ಪ್ರಭೇದಕ್ಕೆ ಇಡುವುದು ಆ ವೃತ್ತಿಯಲ್ಲಿ ವಾಡಿಕೆ. ಇಟ್ಟಿದ್ದರೆ ನಿರ್ದೇಶಕರಿಗೂ ಸಮಾಧಾನ, ಎಲ್ಲರಿಗೂ ಸಮಾಧಾನ. ಆ ಮನುಷ್ಯ ಇದುವರೆಗೆ ಅವಳ ಹತ್ತಿರ ಏನನ್ನೂ ಕೇಳಿದವರಲ್ಲ. ಹೂಂ ಎನ್ನಲು ಬಾಯಿ ತೆರೆದಳು, ಮನಸ್ಸು ಒಪ್ಪಲಿಲ್ಲ.

"ಇಲ್ಲ ಮೇಷ್ಟ್ರೇ," ಎಂದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. "ಇಷ್ಟು ವರ್ಷ ಅದು ನಿಮ್ಮ ಹೆಸರಲ್ಲೇ ಇತ್ತಲ್ಲ. ಇನ್ನಾದ್ರೂ ತನ್ನ ಹೆಸರಲ್ಲಿ ಬದುಕಲಿ."